ದಪ್ಪ, ಓರೆ, ಬೋಳು: ಬೋಲ್ಡ್ ಇಟಾಲಿಕ್ ಸ್ಯಾನ್ಸ್ ಅಕ್ಷರವನ್ನು ಪಳಗಿಸುವ ಬಗೆ

ಆ ಬ್ಯಾನರ್ ಹತ್ತು ಅಡಿ ಉದ್ದವಿತ್ತು. ಒಂದು ಓಟದ ಸ್ಪರ್ಧೆಗೆ ನಾನೇ ಮಾಡಿಕೊಟ್ಟದ್ದು. ಇಂಗ್ಲಿಷ್‌ನಲ್ಲಿ ನಾಲ್ಕು ಪದ. ಬೋಲ್ಡ್ ಗುಂಡಿ ಒತ್ತಿದೆ, ಇಟಾಲಿಕ್ ಗುಂಡಿ ಒತ್ತಿದೆ, ಕೆಲಸ ಮುಗಿಯಿತು ಅಂದುಕೊಂಡೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣಿಸಿತ್ತು. ಕಂಬಕ್ಕೆ ಕಟ್ಟಿದ ಮೇಲೆ ನೋಡಿದರೆ 'ಓ' ಅಕ್ಷರ ಒಂದು ಮೂಲೆಯಲ್ಲಿ ಊದಿಕೊಂಡಿದೆ, ಪಕ್ಕದ ಮೂಲೆಯಲ್ಲಿ ಸೊರಗಿದೆ. ಹಲ್ಲುನೋವು ಬಂದವರ ಕೆನ್ನೆಯ ಹಾಗೆ. ಮುದ್ರಿಸಿದವರ ತಪ್ಪೇನೂ ಇರಲಿಲ್ಲ. ನಾನು ಆರಿಸಿದ ಫಾಂಟ್‌ನಲ್ಲಿ ಬೋಲ್ಡ್ ಇಟಾಲಿಕ್ ಎಂಬುದೇ ಇರಲಿಲ್ಲ. ಕಂಪ್ಯೂಟರ್ ಪಾಪ, ಇದ್ದ ಅಕ್ಷರವನ್ನೇ ಹಿಡಿದು ಓರೆಯಾಗಿ ಎಳೆದು ಕೊಟ್ಟಿತ್ತು.

ಬೋಲ್ಡ್ ಇಟಾಲಿಕ್ ಸ್ಯಾನ್ಸ್ ಸೆರಿಫ್ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಅರ್ಧದಷ್ಟು ಇಂಥವೇ. ಅಕ್ಷರ ನಮ್ಮ ಬಳಿ ಇದೆ ಅಂದುಕೊಂಡಿರುತ್ತೇವೆ, ಇರುವುದಿಲ್ಲ. ಉಳಿದರ್ಧ, ಇದ್ದರೂ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದೆ ಇಡೀ ಪುಟಕ್ಕೆ ಬಳಿದುಬಿಡುವುದು. ಈ ಎರಡನ್ನೂ ಹೇಗೆ ತಪ್ಪಿಸಬಹುದು ಅಂತ ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲು ಇದರ ಜಾತಕ

ಈ ಅಕ್ಷರಕ್ಕೆ ಮೂರು ಗುಣ. ದಪ್ಪ ಇದೆ, ಅದು ಬೋಲ್ಡ್. ಬಲಕ್ಕೆ ಓರೆಯಾಗಿ ನಿಂತಿದೆ, ಅದು ಇಟಾಲಿಕ್. ತುದಿಗಳಲ್ಲಿ ಸಣ್ಣ ಪಾದ, ಚಾಚು ಏನೂ ಇಲ್ಲದೆ ಬೋಳಾಗಿದೆ, ಅದು ಸ್ಯಾನ್ಸ್ ಸೆರಿಫ್. ಮೂರೂ ಬೇರೆ ಬೇರೆ ಮನೆಗಳಿಂದ ಬಂದವು.

ಓರೆಯಕ್ಷರವೇ ಇವುಗಳಲ್ಲಿ ಹಿರಿಯದು. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನುಶಿಯಸ್ ಕೈಯಲ್ಲಿ ಹಿಡಿಯುವಂಥ ಸಣ್ಣ ಪುಸ್ತಕಗಳನ್ನು ಈ ಅಕ್ಷರದಲ್ಲಿ ಅಚ್ಚು ಹಾಕಿಸಿದ. ಅಚ್ಚಿನ ಮೊಳೆಗಳಿಗೆ ಅಕ್ಷರ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಆಗ ಓರೆಯಕ್ಷರ ಒತ್ತು ಕೊಡಲು ಇದ್ದದ್ದಲ್ಲ. ಬೇಗ ಬೇಗ ಬರೆಯುವ ಕೈಬರಹದ ನಕಲು ಅದು, ಇಡೀ ಪುಸ್ತಕವೇ ಅದರಲ್ಲಿರುತ್ತಿತ್ತು. ನೇರ ಅಕ್ಷರದ ನಡುವೆ ಒಂದೆರಡು ಪದಕ್ಕೆ ಮಾತ್ರ ಬಳಸುವ ರೂಢಿ ಆಮೇಲೆ ಬಂತು.

ಬೋಳು ಅಕ್ಷರ ಮುದ್ರಣಕ್ಕೆ ಬಂದದ್ದು 1816ರ ಸುಮಾರಿಗೆ. ಲಂಡನ್‌ನ ನಾಲ್ಕನೇ ವಿಲಿಯಂ ಕ್ಯಾಸ್ಲನ್‌ನ ಮಾದರಿ ಪುಸ್ತಕದಲ್ಲಿ ಅದು ಕಾಣಿಸಿತು. ಬರೀ ದೊಡ್ಡಕ್ಷರ, ಸಣ್ಣಕ್ಷರ ಇರಲೇ ಇಲ್ಲ. ದಪ್ಪ ಅಕ್ಷರಗಳು ಪೋಸ್ಟರ್‌ಗಳಲ್ಲಿ ಮೊದಲೇ ಇದ್ದವು. ಆದರೆ ಓದುವ ಸಾಲಿನ ನಡುವೆಯೇ ಒಂದು ಪದವನ್ನು ಎತ್ತಿ ತೋರಿಸಲು ದಪ್ಪ ಅಕ್ಷರ ಬಳಸುವುದು 1845ರಲ್ಲಿ ಕ್ಲಾರೆಂಡನ್ ಎಂಬ ದಪ್ಪ ಅಕ್ಷರ ಬಂದ ಮೇಲೆ ಗಟ್ಟಿಯಾಯಿತು. ನಿಘಂಟುಗಳಿಗೆ ಅದು ತುಂಬಾ ಒದಗಿಬಂತು.

ಈ ಮೂರನ್ನೂ ಒಂದೇ ಕುಟುಂಬದಲ್ಲಿ ಲೆಕ್ಕಾಚಾರವಾಗಿ ಕೂಡಿಸಿದವರಲ್ಲಿ ಅಕ್ಷರ ವಿನ್ಯಾಸಕಾರ ಏಡ್ರಿಯನ್ ಫ್ರುಟಿಗರ್ ಮುಖ್ಯ. 1957ರ ಯೂನಿವರ್ಸ್ ಫಾಂಟ್‌ನಲ್ಲಿ ಆತ ಹೆಸರಿನ ಬದಲು ಸಂಖ್ಯೆ ಕೊಟ್ಟ. ಮೊದಲ ಅಂಕಿ ದಪ್ಪ ಎಷ್ಟು ಅಂತ ಹೇಳುತ್ತದೆ, ಎರಡನೆಯದು ಅಗಲ ಮತ್ತು ಓರೆಯನ್ನು. 55 ಎಂದರೆ ಸಾದಾ, 56 ಅದರ ಓರೆ, 65 ಬೋಲ್ಡ್, 66 ಬೋಲ್ಡ್ ಇಟಾಲಿಕ್. ಮೆನುವಿನಲ್ಲಿ ಫಾಂಟ್ ಹೆಸರಿನ ಮುಂದೆ 76 ಅಂತ ಕಂಡು ತಲೆ ಕೆರೆದುಕೊಂಡಿದ್ದರೆ, ಅದು ಈ ಪದ್ಧತಿಯದೇ. ನ್ಯೂ ಹೆಲ್ವೆಟಿಕಾ ಫಾಂಟ್‌ನಲ್ಲಿ ಅಂಕಿ ಸ್ವಲ್ಪ ಬೇರೆ, 75 ಬೋಲ್ಡ್, 76 ಬೋಲ್ಡ್ ಇಟಾಲಿಕ್.

ಇಷ್ಟು ಯಾಕೆ ಹೇಳಿದೆ ಅಂದರೆ, ಈ ಅಕ್ಷರ ಒಂದೇ ಸಲಕ್ಕೆ ಮೂರು ಮಾತಾಡುತ್ತದೆ. ದಪ್ಪ 'ಇಲ್ಲಿ ನೋಡು' ಅನ್ನುತ್ತದೆ. ಓರೆ 'ಇದು ಬೇರೆ ದನಿ' ಅನ್ನುತ್ತದೆ. ಬೋಳುತನ 'ಸುತ್ತುಬಳಸು ಬೇಡ' ಅನ್ನುತ್ತದೆ. ಮೂರೂ ಸೇರಿದಾಗ ಕೇಳಿಸುವುದು ಓಡುತ್ತಾ ಕೂಗುವವನ ದನಿ.

ಹೆಜ್ಜೆ 1: ಓಡುವಂಥದ್ದು ಏನಾದರೂ ಇದೆಯೇ ಕೇಳಿಕೊಳ್ಳಿ

ನೇರ ಬೋಲ್ಡ್ ಕಟ್ಟಿದ ಗೋಡೆಯ ಹಾಗೆ ನಿಂತಿರುತ್ತದೆ. ಅದನ್ನೇ 10–12 ಡಿಗ್ರಿ ಬಾಗಿಸಿ, ಓಟ ಶುರುವಾಗುತ್ತದೆ. ಓಡುವ ಮನುಷ್ಯ ಮುಂದಕ್ಕೆ ಬಾಗುತ್ತಾನೆ, ಅಷ್ಟೇ ಕಾರಣ ಅಂತ ನಾನು ತುಂಬಾ ದಿನ ನಂಬಿದ್ದೆ. ಇನ್ನೊಂದು ತಮಾಷೆಯ ಕಾರಣವೂ ಇದೆ. ಹಳೆಯ ಕೆಲವು ಕ್ಯಾಮೆರಾಗಳ ಶಟರ್ ಪರದೆಯಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುತ್ತಿತ್ತು. ಅದು ಸರಿಯುವಷ್ಟರಲ್ಲಿ ಕಾರು ಮುಂದೆ ಹೋಗಿರುತ್ತಿತ್ತು. ಹಾಗಾಗಿ ಚಕ್ರ ದುಂಡಗೆ ಬೀಳದೆ ಮುಂದಕ್ಕೆ ವಾಲಿದ ಮೊಟ್ಟೆಯಂತೆ ಬೀಳುತ್ತಿತ್ತು. ಜಾಕ್ ಆನ್ರಿ ಲಾರ್ತೀಗ್ 1910ರ ದಶಕದಲ್ಲಿ ತೆಗೆದ ರೇಸ್ ಕಾರಿನ ಚಿತ್ರ ಇದಕ್ಕೆ ಹೆಸರುವಾಸಿ. ವ್ಯಂಗ್ಯಚಿತ್ರಕಾರರಂತೂ ವೇಗ ತೋರಿಸಬೇಕೆಂದರೆ ಚಕ್ರವನ್ನು ಹೀಗೇ ವಾಲಿಸಿ ಬರೆಯುತ್ತಾರೆ. ಓರೆ ಎಂದರೆ ವೇಗ ಅಂತ ನಮ್ಮ ಕಣ್ಣು ಒಪ್ಪಿಕೊಂಡಾಗಿದೆ.

ಹಾಗಾಗಿ ಈ ಅಕ್ಷರ ಒಗ್ಗುವ ಜಾಗಗಳು ತಾವಾಗಿಯೇ ಗೊತ್ತಾಗುತ್ತವೆ: ಆಟದ ತಂಡದ ಹೆಸರು, ವಾಹನದ ಮೇಲಿನ ಬರಹ, ಸ್ಕೋರ್ ಪಟ್ಟಿ, 'ಈಗಲೇ' ಎಂಬಂಥ ಪದ. ಕಾಮಿಕ್ಸ್‌ನಲ್ಲಿ ಮಾತಿನ ಗುಳ್ಳೆಯೊಳಗೆ ಒಂದು ಪದವನ್ನು ಒತ್ತಿ ಹೇಳಬೇಕಾದರೆ ಬೋಲ್ಡ್ ಇಟಾಲಿಕ್‌ನಲ್ಲೇ ಬರೆಯುವ ರೂಢಿ ಹಳೆಯದು. ಓದುವಾಗ ಆ ಪದ ಬಂದಾಗ ದನಿ ಏರಿಬಿಡುತ್ತದೆ, ಅಲ್ವಾ?

ಕಲಾವಿದೆ ಬಾರ್ಬರಾ ಕ್ರೂಗರ್ ಇದನ್ನು ಇನ್ನೊಂದು ರೀತಿ ಬಳಸಿದರು. ಕಪ್ಪು ಬಿಳುಪು ಚಿತ್ರ, ಮೇಲೆ ಕೆಂಪು ಪಟ್ಟಿ, ಅದರಲ್ಲಿ ಬಿಳಿ ಫ್ಯೂಚುರಾ ಬೋಲ್ಡ್ ಓಬ್ಲಿಕ್ (ಓಬ್ಲಿಕ್ ಎಂದರೂ ಓರೆಯೇ). ಅಲ್ಲಿ ವೇಗವಲ್ಲ ಮುಖ್ಯ, ಎದುರಿಗೆ ನಿಂತು ಬೆರಳು ತೋರಿಸುವ ಗುಣ. ಸುಪ್ರೀಮ್ ಬಟ್ಟೆ ಕಂಪನಿಯ ಕೆಂಪು ಡಬ್ಬಿಯೊಳಗಿನ ಬಿಳಿ ಹೆಸರು ನೋಡಿದವರಿಗೆ ಈ ವೇಷ ಪರಿಚಯ ಇದ್ದೇ ಇರುತ್ತದೆ. ಫ್ಯೂಚುರಾ 1927ರಲ್ಲಿ ಪಾಲ್ ರೆನ್ನರ್ ಬರೆದ ಶಾಂತವಾದ, ಜ್ಯಾಮಿತಿಯ ಅಕ್ಷರ. ದಪ್ಪ ಮಾಡಿ ವಾಲಿಸಿದ ಕೂಡಲೇ ಅದರ ಸ್ವಭಾವವೇ ಬದಲಾಗಿಬಿಡುತ್ತದೆ.

ಎಲ್ಲಿ ಬೇಡ? ಸಂತಾಪ ಸೂಚನೆಯಲ್ಲಿ ಬೇಡ. ಔಷಧದ ಪ್ರಮಾಣ ಬರೆಯುವಲ್ಲಿ ಬೇಡ. ಒಂದು ಪೂರ್ತಿ ಪ್ಯಾರಾಕ್ಕಂತೂ ಬೇಡವೇ ಬೇಡ. ಡಿಸ್ಲೆಕ್ಸಿಯಾ ಇರುವ ಓದುಗರಿಗಾಗಿ ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಕೊಡುವ ಸಲಹೆಯೂ ಇದೇ ದಾರಿಯದು: ಇಟಾಲಿಕ್, ಅಡಿಗೆರೆ ಎರಡನ್ನೂ ಬಿಡಿ, ಒತ್ತು ಬೇಕಾದರೆ ನೇರ ಬೋಲ್ಡ್ ಸಾಕು. ಬೋಲ್ಡ್ ಹಾಕಿದರೆ ಕೆಲಸ ಆಗುತ್ತದೆ ಅನ್ನುವಲ್ಲಿ ನಾನು ಇಟಾಲಿಕ್ ಸೇರಿಸುವುದಿಲ್ಲ. ನೂರರಲ್ಲಿ ತೊಂಬತ್ತು ಸಲ ಬೋಲ್ಡ್ ಸಾಕಾಗುತ್ತದೆ ಅನ್ನುವುದು ನನ್ನ ಅಂದಾಜು.

ಒಂದು ಕಡೆ ಮಾತ್ರ ಇದನ್ನು ರುಚಿಗಲ್ಲ, ನಿಯಮಕ್ಕಾಗಿ ಬಳಸುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರದ ಬರಹದಲ್ಲಿ ವೆಕ್ಟರ್‌ಗೆ ಸೆರಿಫ್ ಇರುವ ಬೋಲ್ಡ್ ಇಟಾಲಿಕ್, ಟೆನ್ಸರ್ ಎಂಬ ಇನ್ನೊಂದು ಬಗೆಯ ರಾಶಿಗೆ ಬೋಲ್ಡ್ ಇಟಾಲಿಕ್ ಸ್ಯಾನ್ಸ್ ಸೆರಿಫ್ ಅಂತ ಅಂತರರಾಷ್ಟ್ರೀಯ ಶಿಫಾರಸು ಇದೆ. ಅಲ್ಲಿ ಸೆರಿಫ್ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಅರ್ಥವೇ ಬದಲಾಗುತ್ತದೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಟ್ಟುಕೊಳ್ಳಿ.

ಹೆಜ್ಜೆ 2: ಅಸಲಿಯೋ ನಕಲಿಯೋ ಪತ್ತೆ ಹಚ್ಚಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಮುಖ್ಯವಾದ ಹೆಜ್ಜೆ ಇದು. ಸ್ವಲ್ಪ ನಿಧಾನವಾಗಿ ಓದಿ.

ಒಂದು ಸಾಮಾನ್ಯ ಫಾಂಟ್ ಕುಟುಂಬದಲ್ಲಿ ನಾಲ್ಕು ಜನ ಇರುತ್ತಾರೆ: ರೆಗ್ಯುಲರ್, ಇಟಾಲಿಕ್, ಬೋಲ್ಡ್, ಬೋಲ್ಡ್ ಇಟಾಲಿಕ್. ನಾಲ್ಕಕ್ಕೂ ಬೇರೆ ಬೇರೆ ಫೈಲು. ನೀವು ವರ್ಡ್‌ನಲ್ಲಿ ಬೋಲ್ಡ್, ಇಟಾಲಿಕ್ ಎರಡೂ ಗುಂಡಿ ಒತ್ತಿದಾಗ ಅದು ನಾಲ್ಕನೇ ಫೈಲನ್ನು ಹುಡುಕುತ್ತದೆ. ಸಿಕ್ಕಿದರೆ ಸರಿ. ಸಿಗದಿದ್ದರೆ ಬಾಯಿ ಬಿಟ್ಟು ಹೇಳುವುದಿಲ್ಲ, ತಾನೇ ತಯಾರಿಸಿಬಿಡುತ್ತದೆ. ವಿಂಡೋಸ್ ಜೊತೆ ಬರುವ ತಹೋಮಾದಲ್ಲಿ ರೆಗ್ಯುಲರ್ ಮತ್ತು ಬೋಲ್ಡ್ ಎರಡೇ ಇರುವುದು. ಇಂಪ್ಯಾಕ್ಟ್‌ನಲ್ಲಿ ಒಂದೇ. ಇವುಗಳನ್ನು ಓರೆ ಮಾಡಿದರೆ ಬರುವುದು ನಕಲಿಯೇ. ಏರಿಯಲ್, ವರ್ಡಾನಾ, ಕ್ಯಾಲಿಬ್ರಿ, ಸೀಗೋ ಯುಐಗಳಲ್ಲಿ ನಾಲ್ಕೂ ಇವೆ.

ಪತ್ತೆ ಹಚ್ಚಲು ಮೊದಲು ಫಾಂಟ್ ಫೋಲ್ಡರ್ ತೆರೆದು ಆ ಕುಟುಂಬದ ಫೈಲುಗಳನ್ನು ಎಣಿಸಿ. ಬೋಲ್ಡ್ ಇಟಾಲಿಕ್ ಅನ್ನುವ ಹೆಸರೇ ಇರಬೇಕು. ಫೈಲಿನ ಹೆಸರಷ್ಟೇ ಕಂಡರೆ ಕೊನೆಯಲ್ಲಿ ಬಿಐ ಅಂತಲೋ, ಕೆಲವಕ್ಕೆ ಸುಮ್ನೆ ಝಡ್ ಅಂತಲೋ ಇರುತ್ತದೆ. ವರ್ಡಾನಾ, ಕ್ಯಾಲಿಬ್ರಿಗೆ ಝಡ್.

ಆಮೇಲೆ ಕಣ್ಣಿನ ಪರೀಕ್ಷೆ. ಇಂಗ್ಲಿಷಿನ ದೊಡ್ಡ ಓ ಅಕ್ಷರವನ್ನು 200 ಪಾಯಿಂಟ್‌ಗೆ ಹಿಗ್ಗಿಸಿ. ದುಂಡಗಿನ ಬಳೆಯನ್ನು ಬಲಕ್ಕೆ ಎಳೆದರೆ ಏನಾಗುತ್ತದೆ ಯೋಚಿಸಿ. ಮೇಲಿನ ಬಲ ಮತ್ತು ಕೆಳಗಿನ ಎಡ ಮೂಲೆ ಹಿಗ್ಗುತ್ತವೆ, ಅಲ್ಲಿ ಗೆರೆ ದಪ್ಪ. ಮೇಲಿನ ಎಡ, ಕೆಳಗಿನ ಬಲ ಮೂಲೆ ಕುಗ್ಗುತ್ತವೆ, ಅಲ್ಲಿ ಗೆರೆ ತೆಳು. ತೆಳ್ಳನೆಯ ಅಕ್ಷರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಬೋಲ್ಡ್‌ನಲ್ಲಿ ಬೀಳುತ್ತದೆ, ಏಕೆಂದರೆ ಹಿಗ್ಗಲು ಕುಗ್ಗಲು ಅಲ್ಲಿ ಮೈ ಜಾಸ್ತಿ ಇದೆ. ನನ್ನ ಬ್ಯಾನರಿನ ಕೆನ್ನೆ ಊದಿದ್ದು ಹೀಗೆ. ದೊಡ್ಡ ಎ ಅಕ್ಷರವನ್ನೂ ನೋಡಿ. ನಕಲಿಯಲ್ಲಿ ಅದರ ಎಡಗಾಲು ಮಲಗಿ ಸಣಕಲಾಗುತ್ತದೆ, ಬಲಗಾಲು ನೆಟ್ಟಗಾಗಿ ಭಾರವಾಗುತ್ತದೆ. ಅಸಲಿ ಬರೆದ ವಿನ್ಯಾಸಕಾರರು ಓರೆ ಮಾಡಿ ಕೈ ತೊಳೆದುಕೊಂಡಿರುವುದಿಲ್ಲ. ಪ್ರತಿ ಅಕ್ಷರದ ಗೆರೆಯನ್ನೂ ಮತ್ತೆ ತಿದ್ದಿ ಸಮ ಮಾಡಿರುತ್ತಾರೆ.

ನಕಲಿ ಬೋಲ್ಡ್ ಇನ್ನೊಂದು ರೋಗ. ಅಕ್ಷರದ ಅಂಚಿನ ಸುತ್ತ ಒಂದು ಗೆರೆ ಎಳೆದು ಊದಿಸಿರುತ್ತಾರೆ. ಹೊರಗೆ ಊದಿದಷ್ಟೇ ಒಳಗೂ ಊದುತ್ತದೆ. ಸಣ್ಣ ಇ, ಎ, ಎಸ್‌ಗಳ ಹೊಟ್ಟೆಯೊಳಗಿನ ಜಾಗ ಮುಚ್ಚಿಹೋಗುತ್ತದೆ. ನಕಲಿ ಬೋಲ್ಡ್ ಮೇಲೆ ನಕಲಿ ಇಟಾಲಿಕ್ ಬಿದ್ದರೆ ಕೇಳುವುದೇ ಬೇಡ.

ಫೋಟೋಶಾಪ್‌ನಲ್ಲಿ ಫೋ ಬೋಲ್ಡ್, ಫೋ ಇಟಾಲಿಕ್ (Faux) ಅಂತಲೇ ಗುಂಡಿಗಳಿವೆ. ಫೋ ಎಂದರೆ ನಕಲಿ ಅಂತ. ಅಷ್ಟಾದರೂ ಪ್ರಾಮಾಣಿಕತೆ ಇದೆಯಲ್ಲ! ಅವನ್ನು ಮುಟ್ಟಬೇಡಿ. ಶೈಲಿಯ ಪಟ್ಟಿ ಬಿಚ್ಚಿ, ಅಲ್ಲಿ ಬೋಲ್ಡ್ ಇಟಾಲಿಕ್ ಇದ್ದರೆ ಆರಿಸಿ. ಇಲ್ಲದಿದ್ದರೆ ಫಾಂಟ್ ಬದಲಿಸಿ.

ಹೆಜ್ಜೆ 3: ಯಾವ ಬಗೆಯ ಓರೆ ಬೇಕು ತೀರ್ಮಾನಿಸಿ

ಅಸಲಿಯಲ್ಲೂ ಎರಡು ಬಗೆ. ಒಂದು ಓಬ್ಲಿಕ್. ನೇರ ಅಕ್ಷರದ ಆಕಾರವೇ, ಬಾಗಿಸಿ ತಿದ್ದಿದ್ದು. ಏರಿಯಲ್, ಯೂನಿವರ್ಸ್, ರೋಬೋಟೋ ಈ ಕಡೆಯವು. ಇನ್ನೊಂದರಲ್ಲಿ ಕೈಬರಹದ ನೆನಪು ಉಳಿದಿರುತ್ತದೆ, ಕೆಲವು ಅಕ್ಷರಗಳ ಆಕಾರವೇ ಬೇರೆ. ಸಣ್ಣ ಎ ನೋಡಿದರೆ ಸಾಕು. ನೇರ ಅಕ್ಷರದಲ್ಲಿ ಅದಕ್ಕೆ ಮೇಲೊಂದು ಕೊಕ್ಕೆ ಇರುತ್ತದೆ. ಓಬ್ಲಿಕ್‌ನಲ್ಲೂ ಆ ಕೊಕ್ಕೆ ಹಾಗೇ ಇರುತ್ತದೆ. ಕೈಬರಹದ ಬಗೆಯಲ್ಲಿ ಕೊಕ್ಕೆ ಮಾಯವಾಗಿ, ನಾವು ಪೆನ್ನಿನಲ್ಲಿ ಬರೆಯುವ ದುಂಡು ಎ ಬರುತ್ತದೆ. ಎರಿಕ್ ಗಿಲ್ 1928ರಲ್ಲಿ ಮಾಡಿದ ಗಿಲ್ ಸ್ಯಾನ್ಸ್, ಅಡೋಬಿಯ ಸೋರ್ಸ್ ಸ್ಯಾನ್ಸ್, ಓಪನ್ ಸ್ಯಾನ್ಸ್ ಇವುಗಳ ಇಟಾಲಿಕ್ ಹೀಗಿವೆ.

ಯಾವುದು ಮೇಲು ಅಂತ ಜಗಳ ಮಾಡುವವರಿದ್ದಾರೆ. ನನಗೆ ಇದು ಕೆಲಸದ ಪ್ರಶ್ನೆ. ಶೀರ್ಷಿಕೆ, ಲೋಗೋ, ಜೆರ್ಸಿಗೆ ಓಬ್ಲಿಕ್ ಗಟ್ಟಿಯಾಗಿ ನಿಲ್ಲುತ್ತದೆ. ಓದುವ ಸಾಲಿನ ನಡುವೆ ಒಂದು ಪದ ಎದ್ದು ಕಾಣಬೇಕೆಂದರೆ ಕೈಬರಹದ ಬಗೆ ಉತ್ತಮ. ಅಲ್ಲಿ ಕೋನದ ಜೊತೆ ಆಕಾರವೂ ಬದಲಾಗುವುದರಿಂದ ಕಣ್ಣು ಬೇಗ ಗುರುತಿಸುತ್ತದೆ.

ಆರಿಸುವಾಗ ಇನ್ನೊಂದು ನೋಡಿ: ಬೋಲ್ಡ್ ಮತ್ತು ಬೋಲ್ಡ್ ಇಟಾಲಿಕ್ ಅಕ್ಕಪಕ್ಕ ಇಟ್ಟಾಗ ಒಂದೇ ತೂಕದವಾಗಿ ಕಾಣುತ್ತವೆಯೇ? ಕಣ್ಣು ಅರೆ ಮುಚ್ಚಿ ನೋಡಿ. ಒಂದು ಕಪ್ಪಾಗಿ, ಇನ್ನೊಂದು ಬೂದುಬೂದಾಗಿ ಕಂಡರೆ ಆ ಕುಟುಂಬವನ್ನು ಬಿಡಿ. ಅಂಕಿಗಳನ್ನೂ ಟೈಪ್ ಮಾಡಿ ನೋಡಿ. ಆಟದ ಕೆಲಸಕ್ಕೆ ಅಂಕಿಗಳೇ ಮುಖ್ಯ. 6, 8, 9ರ ಕಣ್ಣುಗಳು ದೂರದಿಂದ ತೆರೆದು ಕಾಣಬೇಕು. ಮುಚ್ಚಿಕೊಂಡರೆ ಮೂರೂ ಒಂದೇ ಆಗಿಬಿಡುತ್ತವೆ.

ಹೆಜ್ಜೆ 4: ಕೂರಿಸುವುದು

ಇಲ್ಲಿ ಅಳತೆಯ ಮಾತು ಸ್ವಲ್ಪ ಇದೆ. ಮೊದಲು ನಿಮ್ಮ ಅಕ್ಷರದ ಕೋನ ತಿಳಿದುಕೊಳ್ಳಿ. ದೊಡ್ಡ ಐ ಅಕ್ಷರವನ್ನು ಹಿಗ್ಗಿಸಿ, ಅದರ ಬದಿಗೆ ಸರಿಯಾಗಿ ಒಂದು ಗೆರೆ ಎಳೆದು ಕೋನ ಓದಿ. ಹೆಚ್ಚಿನವು 8ರಿಂದ 12 ಡಿಗ್ರಿಯೊಳಗೆ ಇರುತ್ತವೆ.

ಈ ಕೋನವೇ ಮುಂದಿನದ್ದಕ್ಕೆಲ್ಲ ಆಧಾರ. ಪಕ್ಕದಲ್ಲಿ ಪಟ್ಟಿಯೋ ಡಬ್ಬಿಯೋ ಹಾಕುತ್ತೀರಾದರೆ ಅದರ ಬದಿಗಳನ್ನೂ ಅಷ್ಟೇ ಡಿಗ್ರಿ ಬಾಗಿಸಿ. ಅಕ್ಷರ 12, ಡಬ್ಬಿ 20 ಆದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಕಾರಣ ಇದೇ.

ಎರಡು ಮೂರು ಸಾಲು ಒಂದರ ಕೆಳಗೊಂದು ಬರುವಾಗ ಎಡ ಅಂಚು ನೇರವಾಗಿ ನಿಂತು, ಅಕ್ಷರಗಳು ಮಾತ್ರ ವಾಲಿ ಗಲಿಬಿಲಿ ಆಗುತ್ತದೆ. ಪ್ರತಿ ಕೆಳಸಾಲನ್ನು ಸ್ವಲ್ಪ ಎಡಕ್ಕೆ ಸರಿಸಿದರೆ ಇಡೀ ಗುಂಪು ಒಟ್ಟಿಗೆ ವಾಲುತ್ತದೆ. ಎಷ್ಟು ಸರಿಸಬೇಕು? ಸಾಲಿನಿಂದ ಸಾಲಿಗೆ ಇರುವ ದೂರವನ್ನು ಕೋನದ ಟ್ಯಾನ್‌ನಿಂದ ಗುಣಿಸಿ. 12 ಡಿಗ್ರಿಗೆ ಅದು ಸುಮಾರು 0.21. ಸಾಲಿನ ದೂರ 50 ಮಿಲಿಮೀಟರ್ ಆದರೆ ಪ್ರತಿ ಸಾಲು ಹತ್ತೂವರೆ ಮಿಲಿಮೀಟರ್ ಎಡಕ್ಕೆ. 10 ಡಿಗ್ರಿಗೆ 0.18 ಹಿಡಿಯಿರಿ, ಒಂಬತ್ತು ಮಿಲಿಮೀಟರ್ ಆಗುತ್ತದೆ. ಶಾಲೆಯಲ್ಲಿ ಕಲಿತ ಟ್ಯಾನ್ ಜೀವನದಲ್ಲಿ ಎಲ್ಲಿ ಬೇಕಾಗುತ್ತದೆ ಅಂತ ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಅಕ್ಷರಗಳ ನಡುವಿನ ಜಾಗ ಗಾತ್ರದ ಮೇಲೆ ಹೋಗುತ್ತದೆ. ದೊಡ್ಡ ಶೀರ್ಷಿಕೆಯಲ್ಲಿ ತುಸು ಬಿಗಿ ಮಾಡಿ. ಸಣ್ಣ ಗಾತ್ರದಲ್ಲಿ, ಪೂರ್ತಿ ದೊಡ್ಡಕ್ಷರದಲ್ಲಿ ಬರೆದಾಗ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಇದ್ದಾಗ ಸ್ವಲ್ಪ ಸಡಿಲ ಬಿಡಿ. 10 ಪಾಯಿಂಟ್‌ಗಿಂತ ಕೆಳಗೆ ನಾನಂತೂ ಬೋಲ್ಡ್ ಇಟಾಲಿಕ್ ಬಳಸುವುದಿಲ್ಲ.

ಓರೆ ಪದದ ಬೆನ್ನಿಗೆ ನೇರವಾದ ಆವರಣ ಚಿಹ್ನೆ ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಕೊನೆಯ ಅಕ್ಷರ ಸಣ್ಣ ಎಫ್ ಅಥವಾ ಡಿ ಆಗಿದ್ದರಂತೂ ಖಂಡಿತ. ಕೂದಲೆಳೆಯಷ್ಟು ಜಾಗ ಕೈಯಿಂದಲೇ ಸೇರಿಸಿ.

ವಾಹನದ ಮೇಲೆ ಬರೆಸುವವರಿಗೆ ಒಂದು ಕಿವಿಮಾತು. ಗಾಡಿಯ ಬಲಬದಿಗೆ ಎದುರಾಗಿ ನಿಂತರೆ ಅದರ ಮೂತಿ ನಿಮ್ಮ ಬಲಕ್ಕಿರುತ್ತದೆ, ಅಕ್ಷರವೂ ಬಲಕ್ಕೆ ವಾಲಿರುತ್ತದೆ. ಚೆನ್ನಾಗಿ ಹೊಂದುತ್ತದೆ. ಎಡಬದಿಯಲ್ಲಿ ಮೂತಿ ಎಡಕ್ಕೆ, ಅಕ್ಷರ ಮಾತ್ರ ಅದೇ ಬಲಕ್ಕೆ. ಹಿಂದಕ್ಕೆ ಜಗ್ಗಿದ ಹಾಗೆ ಕಾಣುತ್ತದೆ. ಅಕ್ಷರವನ್ನು ಎಡಕ್ಕೆ ವಾಲಿಸಿದರೆ ಓದಲು ಕಷ್ಟ, ಹೆಸರಿನ ಗುರುತೂ ಕೆಡುತ್ತದೆ. ಹಾಗೇ ಬಿಟ್ಟು, ವೇಗದ ಗೆರೆಗಳನ್ನು ಮಾತ್ರ ಎಡಬದಿಗೆ ತಿರುಗಿಸುವುದು ನನಗೆ ಒಪ್ಪಿಗೆಯಾದ ದಾರಿ.

ಹೆಜ್ಜೆ 5: ವೆಬ್‌ಪುಟಕ್ಕೆ ಹಾಕುವಾಗ

ಇಲ್ಲೂ ಅದೇ ನಕಲಿಯ ಕಾಟ. ಪುಟಕ್ಕೆ ರೆಗ್ಯುಲರ್ ಮತ್ತು ಬೋಲ್ಡ್ ಎರಡೇ ಫೈಲು ಸೇರಿಸಿರುತ್ತೀರಿ. ಯಾರೋ ಬೋಲ್ಡ್ ಒಳಗೆ ಇಟಾಲಿಕ್ ಹಾಕುತ್ತಾರೆ. ಬ್ರೌಸರ್ ಸದ್ದಿಲ್ಲದೆ ವಾಲಿಸಿ ಕೊಡುತ್ತದೆ. ಪುಟದ ರೂಪ ಹೇಗಿರಬೇಕು ಅಂತ ಹೇಳುವ ಸಿಎಸ್‌ಎಸ್ ನಿಯಮದಲ್ಲಿ ಓಬ್ಲಿಕ್‌ಗೆ ಕೋನ ಹೇಳದಿದ್ದರೆ 14 ಡಿಗ್ರಿ ಅಂತ ಲೆಕ್ಕ. ಬಹುತೇಕ ಅಸಲಿ ಇಟಾಲಿಕ್‌ಗಿಂತ ಜಾಸ್ತಿಯೇ.

ನಾಲ್ಕು ರೂಪಕ್ಕೂ ಬೇರೆ ಬೇರೆ ಫಾಂಟ್-ಫೇಸ್ ನಿಯಮ ಬರೆಯಿರಿ. ನಾಲ್ಕನೆಯದಕ್ಕೆ ದಪ್ಪ 700, ಶೈಲಿ ಇಟಾಲಿಕ್ ಅಂತ ಎರಡನ್ನೂ ಹೇಳಬೇಕು. ಆಮೇಲೆ ಫಾಂಟ್-ಸಿಂಥೆಸಿಸ್ ಎಂಬ ಗುಣಕ್ಕೆ ನನ್ (none) ಅಂತ ಕೊಡಿ. ಆಗ ಬ್ರೌಸರ್ ನಕಲಿ ತಯಾರಿಸುವುದನ್ನು ನಿಲ್ಲಿಸುತ್ತದೆ. ಫೈಲು ಬಿಟ್ಟುಹೋಗಿದ್ದರೆ ಪದ ನೇರವಾಗಿಯೇ ಕಾಣುತ್ತದೆ, ತಪ್ಪು ಕೂಡಲೇ ನಿಮ್ಮ ಕಣ್ಣಿಗೆ ಬೀಳುತ್ತದೆ.

ವೇರಿಯಬಲ್ ಫಾಂಟ್ (ಒಂದೇ ಫೈಲಿನಲ್ಲಿ ದಪ್ಪ, ಓರೆ ಮುಂತಾದ ಒಂದೊಂದು ಗುಣವನ್ನು ಒಂದೊಂದು 'ಅಕ್ಷ'ದ ಮೇಲೆ ಬೇಕಾದಷ್ಟು ಸರಿಸಬಹುದಾದ ಫಾಂಟ್) ಬಳಸುವವರು ಅದರಲ್ಲಿ ಓರೆಯ ಅಕ್ಷ ಇದೆಯೇ ನೋಡಿಕೊಳ್ಳಿ. ದಪ್ಪದ ಅಕ್ಷ ಮಾತ್ರ ಇರುವವು ಬೇಕಾದಷ್ಟಿವೆ. ಎಷ್ಟೋ ಕುಟುಂಬಗಳಲ್ಲಿ ನೇರಕ್ಕೊಂದು, ಇಟಾಲಿಕ್‌ಗೊಂದು ಅಂತ ಎರಡು ಫೈಲು ಬರುತ್ತವೆ. ಸ್ಲ್ಯಾಂಟ್ ಅಕ್ಷ ಇದ್ದರೆ ಬಲಕ್ಕೆ ವಾಲಿಸಲು ಮೈನಸ್ ಸಂಖ್ಯೆ ಕೊಡಬೇಕು. ನಾನು ಪ್ಲಸ್ ಕೊಟ್ಟು ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೆ.

ಬಣ್ಣದ ಬಗ್ಗೆಯೂ ಒಂದು ಲೆಕ್ಕ ಇದೆ. ವೆಬ್‌ನ ಸುಲಭ ಬಳಕೆಯ ನಿಯಮಗಳ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ (ಕಾಂಟ್ರಾಸ್ಟ್) ಬೇಕು. ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಸಾದಾ ಅಕ್ಷರ 18 ಪಾಯಿಂಟ್ ಆದಾಗ 'ದೊಡ್ಡದು' ಅನ್ನಿಸಿಕೊಳ್ಳುತ್ತದೆ, ಬೋಲ್ಡ್ ಆದರೆ 14 ಪಾಯಿಂಟ್‌ಗೇ. ಆ ರಿಯಾಯಿತಿ ನಿಮ್ಮ ಅಕ್ಷರಕ್ಕೂ ಸಿಗುತ್ತದೆ.

ಚಾಟ್‌ನಲ್ಲಿ ಬೇಕಾದರೆ ಇಷ್ಟೆಲ್ಲ ಕಷ್ಟ ಇಲ್ಲ. ವಾಟ್ಸಾಪ್‌ನಲ್ಲಿ ಪದದ ಎರಡೂ ಬದಿಗೆ ನಕ್ಷತ್ರ, ಅದರೊಳಗೆ ಎರಡೂ ಬದಿಗೆ ಅಡಿಗೆರೆ ಹಾಕಿ. ಮಾರ್ಕ್‌ಡೌನ್ ಎಂಬ ಬರಹ ಪದ್ಧತಿಯಲ್ಲಿ ಎರಡೂ ಬದಿಗೆ ಮೂರು ಮೂರು ನಕ್ಷತ್ರ.

ಅಲಂಕಾರದ ಅಕ್ಷರ ಜನರೇಟರ್‌ಗಳು

ಸಾಮಾಜಿಕ ಜಾಲತಾಣದಲ್ಲಿ ಕೆಲವರ ಹೆಸರು ಬೋಲ್ಡ್ ಇಟಾಲಿಕ್ ಸ್ಯಾನ್ಸ್‌ನಲ್ಲಿ ಹೊಳೆಯುತ್ತಿರುತ್ತದೆ. ಅದು ಫಾಂಟ್ ಅಲ್ಲ. ಪ್ರತಿ ಅಕ್ಷರಕ್ಕೂ ಕಂಪ್ಯೂಟರ್‌ಗಾಗಿ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 2001ರಿಂದ ಗಣಿತದ ಅಕ್ಷರಗಳ ಒಂದು ವಿಭಾಗ ಇದೆ. ಮೇಲೆ ಹೇಳಿದ ಟೆನ್ಸರ್‌ನಂಥ ಬರಹಕ್ಕಾಗಿ ಇಟ್ಟದ್ದು. ಇಂಥ ಹೆಸರು ತಯಾರಿಸಿಕೊಡುವ ಜನರೇಟರ್‌ಗಳು ನಿಮ್ಮ ಅಕ್ಷರ ತೆಗೆದು ಆ ಗಣಿತದ ಚಿಹ್ನೆ ಇಡುತ್ತವೆ. ನೋಡಲು ಎ, ಕಂಪ್ಯೂಟರ್‌ಗೆ ಅದು ಬೇರೆಯೇ ಚಿಹ್ನೆ. ಪರದೆ ಓದುವ ತಂತ್ರಾಂಶ ಅದನ್ನು 'ಗಣಿತದ ಸ್ಯಾನ್ಸ್ ಸೆರಿಫ್ ಬೋಲ್ಡ್ ಇಟಾಲಿಕ್ ದೊಡ್ಡ ಎ' ಅಂತ ಅಕ್ಷರಕ್ಕೊಂದು ಮಾರುದ್ದ ಓದಬಹುದು, ಅಥವಾ ಪೂರ್ತಿ ಹಾರಿಸಬಹುದು. ಹುಡುಕಿದರೆ ನಿಮ್ಮ ಹೆಸರು ಸಿಗದೇ ಹೋಗಬಹುದು. ಹಳೆಯ ಫೋನಿನಲ್ಲಿ ಬರೀ ಡಬ್ಬಿಗಳು.

ಆ ವಿಭಾಗದಲ್ಲಿ ಈ ಶೈಲಿಗೆ ಇಂಗ್ಲಿಷ್ ಮತ್ತು ಗ್ರೀಕ್ ಅಕ್ಷರ ಮಾತ್ರ ಇವೆ. ಓರೆ ಅಂಕಿಗಳೂ ಇಲ್ಲ. ಅದಕ್ಕೇ ಅಂಥ ಹೆಸರಿನ ಪಕ್ಕದ ಇಸವಿ ಯಾವಾಗಲೂ ನೆಟ್ಟಗೆ ನಿಂತಿರುತ್ತದೆ. ಕನ್ನಡ ಹಾಕಿದರೆ ಏನೂ ಬದಲಾಗುವುದಿಲ್ಲ, ನಿಮ್ಮ ಫೋನ್ ಕೆಟ್ಟಿಲ್ಲ.

ಕನ್ನಡ ಅಕ್ಷರಕ್ಕೆ ಇದನ್ನು ಮಾಡಬಹುದೇ?

ಬೋಲ್ಡ್ ಧಾರಾಳವಾಗಿ ಮಾಡಬಹುದು. ನೋಟೋ ಸ್ಯಾನ್ಸ್ ಕನ್ನಡದಲ್ಲಿ ತೆಳ್ಳನೆಯದರಿಂದ ಅತಿ ದಪ್ಪದವರೆಗೆ ಎಲ್ಲ ತೂಕವೂ ಇವೆ. ಅನೇಕ್ ಕನ್ನಡದಲ್ಲಿ ತೂಕದ ಜೊತೆ ಅಗಲವನ್ನೂ ಬದಲಿಸಬಹುದು. ಆದರೆ ಎರಡರಲ್ಲೂ ಇಟಾಲಿಕ್ ಇಲ್ಲ. ಕನ್ನಡ ಅಚ್ಚಿನಲ್ಲಿ ಆಲ್ಡಸ್‌ನಂಥ ಒಂದು ಓರೆಯ ವಂಶ ಬೆಳೆದೇ ಇಲ್ಲ. ಇಟಾಲಿಕ್ ಗುಂಡಿ ಒತ್ತಿದಾಗ ಬರುವುದು ಎಳೆದು ವಾಲಿಸಿದ ನಕಲಿ.

ಆ ನಕಲಿ ಇಂಗ್ಲಿಷ್‌ಗಿಂತ ಕನ್ನಡದಲ್ಲಿ ಹೆಚ್ಚು ಕೆಡುತ್ತದೆ. ಅಕ್ಷರವನ್ನು ಕೆಳಗೆರೆಯ ಮೇಲೆ ಹಿಡಿದು ವಾಲಿಸಿದರೆ ಗೆರೆಯ ಮೇಲಿರುವುದು ಬಲಕ್ಕೆ, ಕೆಳಗಿರುವುದು ಎಡಕ್ಕೆ ಸರಿಯುತ್ತದೆ. ನಮ್ಮ ಗುಡಿಸು ಮೇಲಿದೆ, ಒತ್ತಕ್ಷರ ಕೆಳಗಿದೆ. ಒಂದು ಆ ಕಡೆ, ಇನ್ನೊಂದು ಈ ಕಡೆ. 'ಸ್ತ್ರೀ' ಎಂದು ಬರೆದು ವಾಲಿಸಿ ನೋಡಿ, ಗೊತ್ತಾಗುತ್ತದೆ. ನಕಲಿ ಬೋಲ್ಡ್ ಕೂಡ ಸೇರಿದರೆ ಮಹಾಪ್ರಾಣದ ಹೊಟ್ಟೆ ಸೀಳು ಮುಚ್ಚಿಕೊಳ್ಳುತ್ತದೆ. ಆಗ ಧನ ಯಾವುದು, ದನ ಯಾವುದು?

ಕನ್ನಡ ಶೀರ್ಷಿಕೆಗೆ ಆ ಓಟದ ಭಾವ ಬೇಕೇ ಬೇಕು ಅಂದರೆ ಅಕ್ಷರವನ್ನು ನೇರವಾಗಿ, ಅಸಲಿ ದಪ್ಪದಲ್ಲಿ ಬಿಡಿ. ಹಿಂದಿನ ಪಟ್ಟಿಯನ್ನು 12 ಡಿಗ್ರಿ ಓರೆಯಾಗಿ ಕತ್ತರಿಸಿ. ಲೋಗೋದಂಥ ಒಂದೆರಡು ಪದವಾದರೆ ಬರೆಯುವವರಿಂದಲೇ ಓರೆಯಾಗಿ ಬರೆಸಿ. ಕೈಯಲ್ಲಿ ಬರೆಯುವವರು ಒತ್ತಕ್ಷರವನ್ನು ಎಲ್ಲಿ ಕೂರಿಸಬೇಕೋ ಅಲ್ಲಿಯೇ ಕೂರಿಸುತ್ತಾರೆ.

ಕೊನೆಯ ಹೆಜ್ಜೆ: ಗೋಡೆಗೆ ಅಂಟಿಸಿ ನೋಡಿ

ಪರದೆಯಲ್ಲಿ ನೋಡಿ ಒಪ್ಪಬೇಡಿ. ಒಂದು ಪದವನ್ನು ನಿಜ ಗಾತ್ರದಲ್ಲಿ ಮುದ್ರಿಸಿ, ಬೇಕಾದರೆ ಹಾಳೆಗಳನ್ನು ಅಂಟಿಸಿ, ಗೋಡೆಗೆ ಹಚ್ಚಿ. ಓದುವವರು ನಿಲ್ಲುವಷ್ಟು ದೂರ ಹೋಗಿ. ಓ, ಎ, ಎಸ್, 8 ನೋಡಿ. ಆಮೇಲೆ ಹಾಳೆಯನ್ನು ತಲೆಕೆಳಗು ಮಾಡಿ ಮತ್ತೆ ನೋಡಿ. ಪದ ಓದಲು ಬರದಿದ್ದಾಗ ಕಣ್ಣು ಬರೀ ಆಕಾರವನ್ನೇ ನೋಡುತ್ತದೆ, ಊದಿದ ಕೆನ್ನೆ ಇದ್ದರೆ ತಕ್ಷಣ ಸಿಕ್ಕಿಬೀಳುತ್ತದೆ.

ಆ ಓಟದ ಸ್ಪರ್ಧೆಯವರು ಮರುವರ್ಷವೂ ನನ್ನ ಹತ್ತಿರವೇ ಬಂದರು. ಈ ಸಲ ನಾಲ್ಕು ಪದಗಳಲ್ಲಿ ಮೂರನ್ನು ನೇರ ಬೋಲ್ಡ್‌ನಲ್ಲಿ ಬಿಟ್ಟೆ. 'ರನ್' ಒಂದನ್ನು ಮಾತ್ರ ಅಸಲಿ ಬೋಲ್ಡ್ ಇಟಾಲಿಕ್‌ನಲ್ಲಿ ಹಾಕಿದೆ.